ಸಾವಿರಾಳಿನ ಕೈ

ಆತಗೂರಿನ ಕಡೆ ‘ಮಿಲ್ಟ್ರಿ ಮರಿಸಿದ್ದಯ್ಯನ ಅಡುಗೆ’ ಎಂದು ಜನ ಹೊಗಳುವುದನ್ನು ಕೇಳಿ, ಅವರು ಯಾವುದೋ ಮಿಲ್ಟ್ರಿ ಹೋಟೆಲ್ಲಿನ ಯಜಮಾನರೆಂದೇ ನಾನು ತಿಳಿದಿದ್ದೆ. ಹಸಿದು ಹೋಗಿ ಅವರ ಜಗಲಿಯ ಮೇಲೆ ಕೂತು, “ಎರಡು ಮುದ್ದೆ, ಒಂದು ತಲೆಮಾಂಸ” ಎಂದು ಹೇಳಿಯೂ ಬಿಟ್ಟೆ.

ಬನಿಯನ್ನಿನಲ್ಲಿದ್ದ ದಪ್ಪ ಮೀಸೆಯ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇದು ಓಟ್ಲಲ್ಲ ಕಣಯ್ಯಾ, ಮನೆ. ನಾನು ನಿಜವಾದ್ ಮಿಲ್ಟ್ರೀಲಿದ್ದೋನು.”

ಒಳಗಿನಿಂದ ಅವರ ಹೆಂಡತಿ ಮಂಚಮ್ಮ ಕೂಗಿದರು: “ಉಣ್ಣಕ್ಕಿಕ್ಕಿ ಕಳ್ಸಿ. ಎಂಗೂ ಇಡೀ ಬೀದಿಗಾಗೋಷ್ಟು ಸಾರು ಕಾಯ್ಸಿದ್ದೀರಿ.”

ಮನೆಯಲ್ಲಿದ್ದವರು ಇಬ್ಬರೇ.

ಸೈನ್ಯದಲ್ಲಿ ಮರಿಸಿದ್ದಯ್ಯ ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚು. ದೊಡ್ಡ ಪಡೆಯೊಂದರ ಅಡುಗೆಮನೆಗೆ ಅವರೇ ಮುಖ್ಯಸ್ಥರು. ಆಳು ಒಳಗಿಳಿದು ಉಜ್ಜುವಂಥ ಕೊಪ್ಪರಿಗೆಗಳು. ಅವರು ಸೌಟೆತ್ತಿದರೆ ಸಾವಿರ ತಟ್ಟೆ ಸಾಲು ನಿಲ್ಲುತ್ತಿದ್ದವು. ಅಂಥ ವಿಧೇಯತೆ ಸೇನಾಪತಿಗೂ ಸಿಕ್ಕಿರಲಾರದೆಂದು ಅವರ ನಂಬಿಕೆ. ಅವರ ಕೈಕೆಳಗೆ ಈರುಳ್ಳಿ ಹೆಚ್ಚುತ್ತಿದ್ದವನು ಮಳವಳ್ಳಿ ತಾಲ್ಲೂಕು ಪೂರಿಗಾಲಿಯ ಶಿವರಾಮು.

ಆಮೇಲೆ ಆ ಆದೇಶ ಬಂತು. ದೊಡ್ಡ ಪಡೆ ಎದ್ದು ಹೊರಡುವಷ್ಟರಲ್ಲಿ ಶತ್ರು ಉಂಡು ಕೈತೊಳೆದಿರುತ್ತಾನೆ. ಅದಕ್ಕೇ ಪಡೆಯನ್ನು ಒಡೆದು, ಹೇಳಿದ ಕೂಡಲೇ ಹೊರಡುವಂಥ ಸಣ್ಣ ಸಣ್ಣ ತುಕಡಿ ಮಾಡಬೇಕು. ತುಕಡಿಗೊಂದು ಲಾರಿ, ಲಾರಿಗೊಂದು ಒಲೆ, ಒಲೆಗೊಬ್ಬ ಅಡುಗೆಯವನು. ಗಡಿಗೆ ಮೊದಲು ಹೋಗುವ ತುಕಡಿಗೆ ತಾವೇ ಎಂದು ಮರಿಸಿದ್ದಯ್ಯ ಮೀಸೆಗೆ ಎಣ್ಣೆ ಹಚ್ಚಿದರು.

ಸಾಹೇಬರು ಒಂದು ಪರೀಕ್ಷೆ ಇಟ್ಟರು. ತುಕಡಿಗಾಗುವಷ್ಟು ಮಾತ್ರ ಬೇಯಿಸಿ, ಸಾಮಾನು ಕಟ್ಟಿ, ಲಾರಿ ಹತ್ತಬೇಕು. ಶಿವರಾಮು ಬೇಯಿಸಿ, ಬಡಿಸಿ, ತೊಳೆದು, ಹತ್ತಿಯೂ ಬಿಟ್ಟ. ಮರಿಸಿದ್ದಯ್ಯ ಉಪ್ಪಿಗೆ ಚಮಚ ಮುಟ್ಟಿದವರಲ್ಲ, ಬೊಗಸೆಯಲ್ಲೇ ಹಾಕಿ ರೂಢಿ. ಅಂದೂ ಬೊಗಸೆಯೇ ಬಿತ್ತು. ಕರ್ನಲ್ ಸಾಹೇಬರು ಒಂದು ತುತ್ತಿಗೇ ನೀರಿಗೆ ಕೈ ಚಾಚಿದರು. ಶಿವರಾಮು ತುಕಡಿಯೊಂದಿಗೆ ಹಿಮದ ಬೆಟ್ಟಕ್ಕೆ ಹೋದ; ಇವರು ಕೊಪ್ಪರಿಗೆಗಳಿಗೆ ಕಾವಲಾದರು.

ಅವರು ಈ ಕಥೆ ಹೇಳುವಾಗ ಉಪ್ಪಿನ ಮಾತೇ ಬರುವುದಿಲ್ಲ. ಅದನ್ನು ಹೇಳಿದವರು ಮಂಚಮ್ಮ. ಮರಿಸಿದ್ದಯ್ಯನವರ ಪ್ರಕಾರ ಕಾರಣ ಬೇರೆ: “ಅವ್ನು ಸಾಹೇಬ್ರ ನಾಯಿಗೂ ಸಲ್ಯೂಟ್ ಒಡ್ಯೋನು.”

ಕಳೆದ ವರ್ಷ ಮಂಡ್ಯದಲ್ಲಿ ಮಾಜಿ ಸೈನಿಕರ ಸಭೆಗೆ ನನ್ನನ್ನೂ ಎಳೆದುಕೊಂಡು ಹೋದರು. ನೋಡಿದರೆ ವೇದಿಕೆಯ ಮೇಲೆ ಶಿವರಾಮು, ಹೆಗಲ ಮೇಲೆ ಶಾಲು. “ನಮ್ದು ಚಿಕ್ಕ ತುಕಡಿ, ಗಾಳಿ ಇದ್ದಂಗೆ!” ಎಂದು ಭಾಷಣ ಬೇರೆ.

“ಗಾಳಿ ಅಂತೆ!” ಎಂದು ಮರಿಸಿದ್ದಯ್ಯ ನನ್ನ ಕಿವಿಯಲ್ಲಿ ಗೊಣಗಿದರು. “ಈರುಳ್ಳಿ ಎಚ್ಚಕ್ ಕೂರ್ಸುದ್ರೆ ಗೊಳೋ ಅಂತಿದ್ದ.”

“ಶಾಲು ಚೆನ್ನಾಗಿದೆ,” ಎಂದೆ.

“ಸಾಲಾ ಅದು? ಟವಲ್ಲು, ಬುಡು.”

ಜನ ಚಪ್ಪಾಳೆ ತಟ್ಟಿದಾಗ ಇವರು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡರು. ಶಿವರಾಮು ಇಳಿದು ಬಂದು ಕಾಲು ಮುಟ್ಟಿ, “ನಮ್ ಗುರುಗಳು ಸಾರ್ ಇವ್ರು” ಎಂದು ನನಗೇ ಪರಿಚಯಿಸಿದ. ಗುರುಗಳು ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತ, “ಬದುಕ್ಕೊ, ಓಗು” ಎಂದರು.

ಮದ್ದೂರಿನ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ: “ಅಲ್ಲ ಮರಿಸಿದ್ದಯ್ಯನವರೇ, ಆ ತುಕಡಿಗೆ ನೀವೇ ಹೋಗಿದ್ದರೆ ದೇಶಕ್ಕೆ ಇನ್ನೂ ಒಳ್ಳೆಯದಾಗುತ್ತಿತ್ತೇ?”

“ದೇಸುದ್ ಮಾತ್ ಯಾಕೀಗ? ನಾನ್ ಓಗ್ದಿದ್ರೂ ಚಿಂತೆ ಇರ್ನಿಲ್ಲ ಕಣಯ್ಯಾ. ಆ ಬಡ್ಡೈದ ಓಗ್ಬಾರ್ದಿತ್ತು!”