ಒಂದೂವರೆಯ ಬಸ್ಸು

ನನಗೆ ಶಾಲು ಕಂಡರೆ ಆಗುವುದಿಲ್ಲ. ಯಾವ ಸಮಾರಂಭದಲ್ಲಾದರೂ ಸರಿ, ಒಬ್ಬರ ಹೆಗಲಿಗೆ ಜರಿಯಂಚಿನ ಶಾಲು ಹೊದೆಸಿ, ಫೋಟೋದವನು ಇಲ್ಲಿ ನೋಡಿ ಎಂದು ಕೂಗಿದ ಕೂಡಲೇ ಮೈಯೆಲ್ಲ ಉರಿಯತೊಡಗುತ್ತದೆ. ಮನೆಯವರಿಗೆ ಇದು ಗೊತ್ತು. ಸನ್ಮಾನ ಇರುವ ಕಾರ್ಯಕ್ರಮಕ್ಕೆ ನನ್ನನ್ನು ಕರೆಯುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಕಾರಣ ಕೇಳಿದವರಿಗೆ ಇಷ್ಟು ದಿನ ಹಾರಿಕೆಯ ಉತ್ತರ ಕೊಟ್ಟಿದ್ದೇನೆ. ಈಗ ಪೂರ್ತಿ ಹೇಳುತ್ತೇನೆ.

ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಹೈಸ್ಕೂಲು. ನಾನು ಎಂಟನೇ ಕ್ಲಾಸಿಗೆ ಸೇರಿದ ವರ್ಷ ಅಲ್ಲಿಗೆ ಯಾವುದೋ ಯೋಜನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟು ಬಂತು. ಯಾರೂ ಕೇಳಿರಲಿಲ್ಲ. ಸಿಮೆಂಟು ಹಾಕಿ, ಎರಡು ಕಂಬ ನೆಟ್ಟು, ಉದ್ಘಾಟನೆ ಮಾಡಿ ಹೋದರು. ಹುಡುಗರಿಗೆ ವಾಲಿಬಾಲ್ ಬಿಟ್ಟರೆ ಬೇರೆ ಆಟ ರುಚಿಸದು. ಹಾಗಾಗಿ ಆ ಕೋರ್ಟು ಹುಡುಗಿಯರ ಪಾಲಿಗೆ ಉಳಿಯಿತು. ಮಳೆಗಾಲದಲ್ಲಿ ಸಿಮೆಂಟಿನ ಮೇಲೆ ಪಾಚಿ ಹಿಡಿಯುತ್ತಿತ್ತು. ಶನಿವಾರ ನಾವು ಹತ್ತು ಹುಡುಗಿಯರು ಬ್ಲೀಚಿಂಗ್ ಪುಡಿ ಎರಚಿ ಕಡ್ಡಿ ಪೊರಕೆಯಲ್ಲಿ ತಿಕ್ಕುತ್ತಿದ್ದೆವು. ಸೋಮವಾರ ಮತ್ತೆ ಜಾರುತ್ತಿತ್ತು. ಜಾರುವ ನೆಲದ ಮೇಲೆ ಚೆಂಡು ಪುಟಿಸಿ ಕಲಿತವರಿಗೆ ಒಣ ನೆಲ ಸಿಕ್ಕಿದರೆ ಕೇಳಬೇಕೆ?

ಕಲಿಸಿದವರು ಪಿ.ಟಿ. ಮೇಷ್ಟ್ರು. ಕಡೂರಿನ ಕಡೆಯವರು, ಚಿಕ್ಕ ವಯಸ್ಸು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೋರ್ಟಿನಲ್ಲಿ ಸಿಂಹ, ಹೆಡ್‌ಮಾಸ್ಟರ ಕೋಣೆಯಲ್ಲಿ ಬೆಕ್ಕಿನ ಮರಿ. ಅವರನ್ನು ನಾನು ದೂರುವುದಿಲ್ಲ.

ನಮ್ಮ ತಂಡದ ಬಲವೆಲ್ಲ ಒಬ್ಬಳಲ್ಲಿತ್ತು. ಅವಳು ಆಡುತ್ತಿದ್ದ ಜಾಗ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ನಿಂತು ಮೇಲಿಂದ ಬೀಳುವ ಚೆಂಡನ್ನೆಲ್ಲ ಹಿಡಿಯುವವಳು. ಊರಿನಲ್ಲೂ ಅವಳನ್ನು ಸೆಂಟರ್ ಎಂದೇ ಕರೆಯುತ್ತಿದ್ದರು. ಹತ್ತನೇ ಕ್ಲಾಸಿಗೇ ನಮ್ಮ ಹೆಡ್‌ಮಾಸ್ಟರಿಗಿಂತ ಒಂದು ಗೇಣು ಎತ್ತರ. ಅಪ್ಪ ಇರಲಿಲ್ಲ, ಅಮ್ಮ ತೋಟದ ಕೆಲಸಕ್ಕೆ ಹೋಗುವವರು. ಹತ್ತನೇ ಕ್ಲಾಸು ಮುಗಿದರೆ ತಾನೂ ಅಮ್ಮನ ಹಿಂದೆ ಹೋಗುವವಳು ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅಳುತ್ತಾ ಹೇಳುತ್ತಿರಲಿಲ್ಲ. ನಾಳೆ ಮಳೆ ಬರಬಹುದು ಎನ್ನುವ ಹಾಗೆ ಹೇಳುತ್ತಿದ್ದಳು.

ಹತ್ತನೇ ಕ್ಲಾಸಿನ ವರ್ಷ ತಾಲ್ಲೂಕು ಮಟ್ಟ ಗೆದ್ದೆವು. ಆಮೇಲೆ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟ. ಫೈನಲ್ಲಿನಲ್ಲಿ ಎದುರಿಗೆ ಬಂದವರು ಪೇಟೆಯ ದೊಡ್ಡ ಶಾಲೆಯವರು. ಅವರ ಕಾಲಿಗೆಲ್ಲ ಒಂದೇ ಬಣ್ಣದ ಶೂ. ನಮ್ಮ ಕಾಲಿಗೆ ಶಾಲೆಯ ಬಿಳಿ ಕ್ಯಾನ್ವಾಸು, ಅದೂ ಸೆಂಟರ್‌ಗೆ ಹೆಬ್ಬೆರಳು ಹೊರಗೆ. ಆಟ ಶುರುವಾಗುವ ಮೊದಲು ಅವರಲ್ಲೊಬ್ಬಳು ಆ ಹೆಬ್ಬೆರಳು ನೋಡಿ ಕಿಸಕ್ಕನೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಸೆಂಟರ್ ಮಾತ್ರ, “ನಗಲಿ ಬಿಡೆ. ಈಗ ನಕ್ಕಿದ್ದು ಆಮೇಲೆ ನೆನಪಾಗ್ತದೆ ಅವ್ಳಿಗೆ” ಎಂದಳು.

ನೆನಪಾಗಿರಬೇಕು. ಬೋರ್ಡಿಗೆ ಬಡಿದು ವಾಪಸು ಬಂದ ಚೆಂಡೆಲ್ಲ ಇವಳದೇ ಆಯಿತು. ಕೊನೆಯ ಗಳಿಗೆಯಲ್ಲಿ ಎರಡೂ ಕಡೆ ಸಮ. ನಾನು ಎಸೆದ ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಗೆ ಹಾರಿತು. ಇವಳು ಮೂವರ ನಡುವಿನಿಂದ ಎದ್ದಳು. ಹಿಡಿದು ಇಳಿದು ಮತ್ತೆ ಎಸೆಯುವುದು ಕ್ರಮ. ಇವಳು ಇಳಿಯಲೇ ಇಲ್ಲ, ಗಾಳಿಯಲ್ಲೇ ಅಂಗೈಯಿಂದ ಒಳಗೆ ತಳ್ಳಿದಳು. ಸೀಟಿ ಊದಿದರು. ನಾವು ಗೆದ್ದೆವು. ಪಿ.ಟಿ. ಮೇಷ್ಟ್ರು ಕೋರ್ಟಿನ ಗೆರೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡರು.

ಅವತ್ತು ಅಲ್ಲಿ ಕ್ರೀಡಾ ಹಾಸ್ಟೆಲಿನ ಕೋಚ್ ಒಬ್ಬರಿದ್ದರು. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಸೆಂಟರ್ ಮತ್ತು ನಾನು ನೀರು ಕುಡಿಯುವ ನೆವದಲ್ಲಿ ಹತ್ತಿರವೇ ನಿಂತಿದ್ದೆವು.

“ಈ ಹುಡುಗೀನ ಹಾಸನಕ್ಕೆ ಕರ್ಕೊಂಡು ಬನ್ನಿ ಸಾರ್. ವಿಭಾಗ ಮಟ್ಟದಲ್ಲಿ ಇವಳಷ್ಟೇ ಎತ್ತರದವರ ಎದುರು ಆಡೋದನ್ನ ಒಂದ್ ಸಲ ನೋಡ್ಬೇಕು. ಅಲ್ಲಿ ಹೀಗೇ ಆಡಿದ್ರೆ ನಾನು ತಗೋತೀನಿ. ಊಟ, ವಸತಿ, ಕಾಲೇಜು ಎಲ್ಲ ಅಲ್ಲೇ.”

ವಾಪಸು ಬರುವಾಗ ಬಸ್ಸು ಬಾಳೆಹೊನ್ನೂರು ದಾಟಿತು. ಸೆಂಟರ್ ನನ್ನ ಕಿವಿಯಲ್ಲಿ ಕೇಳಿದಳು: “ಹಾಸ್ಟೆಲಲ್ಲಿ ಶೂ ಅವ್ರೇ ಕೊಡ್ತಾರಾ?”

ಇಷ್ಟೇ. ಹಾಸನಕ್ಕೆ ಹೋಗಬೇಕು, ಅವಳು ಒಂದು ಆಟ ಆಡಬೇಕು. ಇದಕ್ಕಿಂತ ಸಣ್ಣ ಕೆಲಸ ಭೂಮಿಯ ಮೇಲೆ ಇದೆಯೆ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ನಮ್ಮ ಪೂಜಾರಿ ಶಾಲಾ ಸಮಿತಿಯ ಅಧ್ಯಕ್ಷರು. ಹುಡುಗಿಯರು ಜಿಲ್ಲೆ ಗೆದ್ದ ಸುದ್ದಿ ಪೇಪರಿನಲ್ಲಿ ಬಂದ ದಿನವೇ ಅವರಿಗೆ ಸನ್ಮಾನದ ಯೋಚನೆ ಹೊಳೆಯಿತು. ನಾವು ಹಾಸನಕ್ಕೆ ಹೊರಡುವ ದಿನವೇ ಇಟ್ಟರು, ಬೀಳ್ಕೊಡುಗೆಯೂ ಆದ ಹಾಗಾಯಿತು ಎಂದು. ಮರುದಿನ ಬೆಳಿಗ್ಗೆ ಎಂಟಕ್ಕೆ ನಾವು ಹಾಸನದ ಮೈದಾನದಲ್ಲಿ ಹಾಜರಿರಬೇಕು. ಶೃಂಗೇರಿಯಿಂದ ಬಂದು ಶಾಲೆಯ ಮುಂದೆಯೇ ಹಾದು ಹಾಸನಕ್ಕೆ ಹೋಗುವ ಬಸ್ಸು ಮಧ್ಯಾಹ್ನ ಒಂದೂವರೆಗೆ. ಸನ್ಮಾನ ಹತ್ತೂವರೆಗೆ. ಲೆಕ್ಕ ಸರಿಯಾಗಿಯೇ ಇತ್ತು.

ಮುಖ್ಯ ಅತಿಥಿ ಒಬ್ಬ ನಾಯಕರು. ಅವರ ಹೆಸರು ಇಲ್ಲಿ ಬೇಡ, ಅವರಂಥವರು ಎಲ್ಲ ಊರಿಗೂ ಒಬ್ಬೊಬ್ಬರಿದ್ದಾರೆ. ಹತ್ತೂವರೆಗೆ ನಾವು ಜೆರ್ಸಿ ಹಾಕಿಕೊಂಡು ವೇದಿಕೆಯ ಬದಿಯ ಬೆಂಚಿನಲ್ಲಿ ಕೂತೆವು. ನಮ್ಮ ಬ್ಯಾಗುಗಳನ್ನು ಗೇಟಿನ ಪಕ್ಕ ಸಾಲಾಗಿ ಇಟ್ಟಿದ್ದೆವು. ಹನ್ನೊಂದೂವರೆಗೆ ಅತಿಥಿಗಳು ಬಾಳೆಹೊನ್ನೂರು ಬಿಟ್ಟಿದ್ದಾರೆ ಎಂದು ಸುದ್ದಿ ಬಂತು. ಹನ್ನೆರಡಕ್ಕೆ ಎನ್.ಆರ್. ಪುರದಲ್ಲಿ ಯಾರದೋ ಸಾವಿನ ಮನೆಗೆ ಹೋಗಿದ್ದಾರೆ, ಅಲ್ಲಿಂದ ಬಿಟ್ಟಿದ್ದಾರೆ. ಹನ್ನೆರಡೂವರೆಗೆ ಶೆಟ್ಟಿಕೊಪ್ಪದಲ್ಲಿ ಒಂದು ಗೃಹಪ್ರವೇಶ, ಅಲ್ಲಿಂದ ಈಗಷ್ಟೇ ಬಿಟ್ಟಿದ್ದಾರೆ. ಆ ಮನುಷ್ಯ ಬಿಟ್ಟದ್ದೇ ಬಿಟ್ಟದ್ದು, ತಲುಪಿದ್ದು ಮಾತ್ರ ಇಲ್ಲ.

ನಮ್ಮನ್ನು ಸುಮ್ಮನೆ ಕೂರಿಸಿದ್ದರು ಎಂದುಕೊಳ್ಳಬೇಡಿ. ಇಬ್ಬರ ಕೈಗೆ ಆರತಿ ತಟ್ಟೆ ಕೊಟ್ಟು ಗೇಟಿನ ಹತ್ತಿರ ನಿಲ್ಲಿಸಿದರು. ನನಗೆ ಸ್ವಾಗತ ಗೀತೆ. ಸೆಂಟರನ್ನು ನೋಡಿ ಅಧ್ಯಕ್ಷರು, “ಇವ್ಳು ಒಳ್ಳೆ ಎತ್ತರ ಇದಾಳೆ ಮಾರಾಯ್ರೆ, ಹಾರದ ತಟ್ಟೆ ಇವ್ಳೇ ಹಿಡೀಲಿ, ಫೋಟೋದಲ್ಲಿ ಚಂದ ಕಾಣ್ತದೆ” ಎಂದರು. ಜಿಲ್ಲೆಗೇ ಮೊದಲು ಬಂದ ತಂಡ ತನ್ನ ಸನ್ಮಾನಕ್ಕೆ ತಾನೇ ಪರಿಚಾರಿಕೆ ಮಾಡಿತು.

ಒಂದು ಗಂಟೆಗೆ ಪಿ.ಟಿ. ಮೇಷ್ಟ್ರು ಹೆಡ್‌ಮಾಸ್ಟರ ಕುರ್ಚಿಯ ಹಿಂದೆ ಬಗ್ಗಿದರು. “ಸಾರ್, ಬಸ್ಸು...” ಎಂದರು. ಹೆಡ್‌ಮಾಸ್ಟರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಜೋರಾಗಿಯೇ ಹೇಳಿದರು: “ಬಸ್ಸೆಂತಕ್ಕೆ ಮೇಷ್ಟ್ರೇ? ನಮ್ಮ ಜೀಪಿಲ್ವಾ? ಕಾರ್ಯಕ್ರಮ ಮುಗಿದ ತಕ್ಷಣ ಹಾಸನದ ಬಾಗ್ಲಿಗೇ ಬಿಡುಸ್ತೀನಿ. ಕೂತ್ಕಳಿ.”

ಮೇಷ್ಟ್ರು ಕೂತರು. ಅತ್ತ ದರಿ ಇತ್ತ ಪುಲಿ. ಅವರ ಕೆಲಸ ಮುಂದುವರಿಸುವ ಸಹಿ ಆ ಅಧ್ಯಕ್ಷರದೇ.

ಒಂದೂವರೆಗೆ ಬಸ್ಸು ಬಂತು. ಕೊಪ್ಪ, ಶೃಂಗೇರಿ ಕಡೆಯ ಬಸ್ಸಿನವರಿಗೆ ದಾರಿಯ ಜನರೆಲ್ಲ ಗೊತ್ತಿರುತ್ತಾರೆ, ಮೇಷ್ಟ್ರು ಮೊದಲೇ ಹೇಳಿಯೂ ಇಟ್ಟಿದ್ದರು. ಗೇಟಿನ ಹತ್ತಿರ ಬ್ಯಾಗಿನ ಸಾಲು ನೋಡಿ ಡ್ರೈವರು ನಿಲ್ಲಿಸಿದ. ಹಾರ್ನ್ ಮಾಡಿದ. ಕಂಡಕ್ಟರು ಇಳಿದು ಬಂದು ಗೇಟು ಹಿಡಿದು ನಿಂತು ಕೂಗಿದ: “ಹಾಸನದ ಹುಡ್ಗೀರು ಎಲ್ಲಿ? ಬನ್ನಿ ಬನ್ನಿ, ಸೀಟ್ ಹಿಡ್ದಿಟ್ಟೀನಿ!” ನಾವು ಹತ್ತೂ ಜನ ಅವನನ್ನು ನೋಡಿದೆವು. ಅಧ್ಯಕ್ಷರು ವೇದಿಕೆಯಿಂದಲೇ ಕೈ ಬೀಸಿ ಹೋಗು ಎಂದರು. ಕಂಡಕ್ಟರಿಗೆ ಅರ್ಥವಾಗಲಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಸೀಟಿ ಹೊಡೆದ. ಹಾರದ ತಟ್ಟೆ ಹಿಡಿದುಕೊಂಡೇ ಸೆಂಟರ್ ಆ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಎತ್ತರದವಳಾದ್ದರಿಂದ ನಮಗಿಂತ ಹೆಚ್ಚು ಹೊತ್ತು ಕಂಡಿರಬೇಕು.

ಅತಿಥಿಗಳು ಬಂದದ್ದು ಮೂರಕ್ಕೆ. ಮೊದಲು ಅವರಿಗೆ ಸನ್ಮಾನ. ಆಮೇಲೆ ಅಧ್ಯಕ್ಷರಿಗೆ, ಜೆರ್ಸಿ ಕೊಟ್ಟ ದಾನಿಗಳಿಗೆ, ಕೋರ್ಟು ಕಟ್ಟಿದ ಗುತ್ತಿಗೆದಾರರಿಗೆ. ಅದೇ ಪಾಚಿ ಹಿಡಿಯುವ ಕೋರ್ಟು! ಕೊನೆಗೆ ಮೈಕಿನಲ್ಲಿ ಹೇಳಿದರು, ಸಮಯದ ಅಭಾವದಿಂದ ಕ್ರೀಡಾಪಟುಗಳನ್ನು ಒಟ್ಟಾಗಿ ಸನ್ಮಾನಿಸಲಾಗುವುದು ಎಂದು. ಸಮಯದ ಅಭಾವ! ಆ ಮಾತು ಈಗ ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ. ಶಾಲು ಎಲ್ಲರಿಗೂ ಸಾಲಲಿಲ್ಲ. ಸೆಂಟರ್‌ಗೆ ಒಂದು ಸಿಕ್ಕಿತು. ಅತಿಥಿಗಳು ಕಾಲ್ಬೆರಳ ಮೇಲೆ ನಿಂತು ಅವಳಿಗೆ ಹೊದೆಸಿದಾಗ ಸಭೆ ನಕ್ಕಿತು. ಇವಳು ರಾಷ್ಟ್ರಕ್ಕೆ ಆಡಲಿ ಎಂದು ಅವರು ಹರಸಿದರು.

ಜೀಪು? ಅತಿಥಿಗಳ ಕಡೆಯವರಿಗೆ ಶೃಂಗೇರಿಯಲ್ಲಿ ದೇವರ ದರ್ಶನ ಆಗಬೇಕಿತ್ತು. ಜೀಪು ಅವರನ್ನು ಹತ್ತಿಸಿಕೊಂಡು ಹೋಯಿತು. ಕತ್ತಲಾದ ಮೇಲೆ ವಾಪಸು ಬಂದಾಗ, ಈ ಹೊತ್ತಿನಲ್ಲಿ ಘಾಟಿ ರಸ್ತೆಯಲ್ಲಿ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದು ಮನೆಯವರು ಪಟ್ಟು ಹಿಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

ಮರುದಿನ ಮೊದಲ ಬಸ್ಸಿಗೆ ಹೊರಟು ಹಾಸನ ಮುಟ್ಟಿದಾಗ ಹನ್ನೊಂದು ದಾಟಿತ್ತು. ನಮ್ಮ ಹೆಸರು ಕೂಗಿ, ಕಾದು, ಎದುರು ತಂಡಕ್ಕೆ ವಾಕ್‌ಓವರ್ ಕೊಟ್ಟಾಗಿತ್ತು. ಮೇಷ್ಟ್ರು ಮೈದಾನದಲ್ಲಿದ್ದ ಪ್ರತಿಯೊಬ್ಬ ಅಧಿಕಾರಿಯ ಮುಂದೆಯೂ ಕೈಮುಗಿದರು. ಕೋಚ್ ಅವರನ್ನೂ ಹುಡುಕಿ ಹಿಡಿದರು.

“ಆಡಿದ್ದು ನೋಡದೆ ಹ್ಯಾಗೆ ತಗೊಳ್ಳಲಿ ಸಾರ್? ಎಲ್ಲಾ ಜಿಲ್ಲೆಯವರೂ ಬಂದ್ರಲ್ಲ, ನಿಮಗೆ ಮಾತ್ರ ಏನಾಯ್ತು?”

ಮೇಷ್ಟ್ರು, ಹುಡುಗಿಯರಿಗೆ ಸನ್ಮಾನ ಇತ್ತು ಎಂದರು. ಕೋಚ್ ನಗಲಿಲ್ಲ, ಬೈಯಲೂ ಇಲ್ಲ. ಸೆಂಟರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮತ್ತೊಂದು ಕೋರ್ಟಿನ ಕಡೆ ಹೋದರು.

ಮುಂದಿನ ವರ್ಷ ಮೇಷ್ಟ್ರು ಆ ಶಾಲೆಯಲ್ಲಿರಲಿಲ್ಲ. ಸೆಂಟರ್ ಅಮ್ಮನ ಹಿಂದೆ ಕೆಲಸಕ್ಕೆ ಹೋದಳು. ಈಗ ಶೃಂಗೇರಿಯಲ್ಲಿ ಯಾತ್ರಿಕರು ಇಳಿಯುವ ಒಂದು ಲಾಡ್ಜಿನಲ್ಲಿದ್ದಾಳೆ. ಕೋಣೆ ಗುಡಿಸಿ, ಹಾಸಿಗೆ ಬಟ್ಟೆ ಬದಲಿಸುವ ಕೆಲಸ. ನಾನು ಕೊಪ್ಪದಲ್ಲಿ ಔಷಧಿ ಅಂಗಡಿಯೊಂದರಲ್ಲಿದ್ದೇನೆ. ರಜೆಯ ದಿನ ಅವಳನ್ನು ನೋಡಲು ಹೋಗುತ್ತೇನೆ.

ಕಳೆದ ವರ್ಷ ಅಧ್ಯಕ್ಷರು ಫೋನ್ ಮಾಡಿದರು. ಇವತ್ತಿಗೂ ಅವರೇ ಅಧ್ಯಕ್ಷರು. ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಲೆಗೆ ಕೀರ್ತಿ ತಂದ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನವಂತೆ. “ಆ ಉದ್ದದ ಹುಡ್ಗೀನೂ ಕರ್ಕಂಡ್ ಬಾ ಮಾರಾಯ್ತಿ” ಎಂದರು. ಹೆಸರು ಮರೆತಿತ್ತು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಫೋನ್ ಇಟ್ಟೆ. ಆಮೇಲೆ ಲಾಡ್ಜಿಗೆ ಹೋಗಿ ಸೆಂಟರ್ ಮುಂದೆ ಎಲ್ಲ ಕಕ್ಕಿದೆ. ಅವಳು ಟೆರೇಸಿನಲ್ಲಿ ಒಣಗಿದ ಬೆಡ್‌ಶೀಟು ತೆಗೆಯುತ್ತಿದ್ದಳು. ಬೇರೆಯವರು ಸ್ಟೂಲು ಹತ್ತಿ ಹಾಕುವ ತಂತಿಗೆ ಇವಳು ನಿಂತಲ್ಲೇ ಕೈ ಹಾಕುತ್ತಾಳೆ.

“ಹೋಗಾಣ” ಎಂದಳು.

“ಎಂತ ಹೋಗಾಣ? ನಿಂಗೆ ನಾಚ್ಕೆ ಇಲ್ವಾ?”

“ಅಮ್ಮಂಗೆ ಆ ಶಾಲು ಅಂದ್ರೆ ಜೀವ ಕಣೆ. ಇನ್ನೂ ಟ್ರಂಕಲ್ಲಿ ಮಡ್ಚಿ ಇಟ್ಕಂಡಿದೆ. ನಮ್ಮನೆಯೋರಿಗೆ ಯಾರಾದ್ರೂ ಶಾಲು ಹೊದ್ಸಿದ್ದು ಅಂತಿದ್ರೆ ಅದೊಂದೇ. ಇನ್ನೊಂದ್ ಸಲ ನೋಡ್ಲಿ, ಹೋಗಾಣ.”

ಒಬ್ಬಳ ಬದುಕು ಕಿತ್ತುಕೊಂಡು ಕೈಗೊಂದು ಬಟ್ಟೆ ಕೊಟ್ಟಿದ್ದಾರೆ, ಆ ಬಟ್ಟೆಯನ್ನು ಮನೆಯವರು ಕಣ್ಣಿಗೊತ್ತಿಕೊಂಡು ಇಟ್ಟಿದ್ದಾರೆ. ನನಗೆ ಅಧ್ಯಕ್ಷರ ಮೇಲೆ ಇದ್ದ ಸಿಟ್ಟು ಅವತ್ತು ಎರಡರಷ್ಟಾಯಿತು.

ಹೋದೆವು. ಅದೇ ಮೈದಾನ. ಸೆಂಟರಿನ ಅಮ್ಮ ಮೊದಲ ಸಾಲಿನಲ್ಲಿ, ಹೊಸ ಸೀರೆಯಲ್ಲಿ. ನಾವು ವೇದಿಕೆಯ ಮೇಲೆ. ಕಾರ್ಯಕ್ರಮ ಹನ್ನೊಂದಕ್ಕೆ ಎಂದಿತ್ತು. ಈ ಸಲದ ಅತಿಥಿ ಬೇರೆಯವರು, ಆದರೆ ಅವರೂ ಬಾಳೆಹೊನ್ನೂರು ಬಿಟ್ಟಿದ್ದರು. ಲಾಡ್ಜಿಗೆ ಸಂಜೆ ಜನ ಬರುವ ಹೊತ್ತಿಗೆ ಕೋಣೆಗಳು ತಯಾರಿರಬೇಕು, ಎರಡು ಗಂಟೆಯ ಬಸ್ಸಿಗೆ ಬರುತ್ತೇನೆ ಎಂದು ಸೆಂಟರ್ ಹೇಳಿ ಬಂದಿದ್ದಳು. ಒಂದೂಮುಕ್ಕಾಲಾಯಿತು. ಶೃಂಗೇರಿಗೆ ಹೋಗುವ ಬಸ್ಸು ಹರಿಹರಪುರ ದಾಟಿ ಶಾಲೆಯ ಮುಂದೆ ನಿಲ್ಲುವ ಹೊತ್ತು ಹತ್ತಿರವಾಯಿತು. ಅಧ್ಯಕ್ಷರು ಮೈಕು ಹಿಡಿದು, ಅತಿಥಿಗಳು ಇನ್ನೇನು ಬಂದೇ ಬಿಟ್ಟರು, ದಯವಿಟ್ಟು ಯಾರೂ ಏಳಬಾರದು ಎಂದರು.

ಸೆಂಟರ್ ಎದ್ದಳು. ಅವಳು ಎದ್ದರೆ ಇಡೀ ಸಭೆಗೆ ಕಾಣುತ್ತದೆ.

“ಎಂತದು? ಕೂತ್ಕ, ಕೂತ್ಕ” ಎಂದರು ಅಧ್ಯಕ್ಷರು. ಮೈಕು ಅವರ ಕೈಯಲ್ಲೇ ಇತ್ತು.

“ನಂಗೆ ಬಸ್ಸಿದೆ” ಎಂದಳು. ಅದೂ ಮೈಕಿನಲ್ಲಿ ಕೇಳಿಸಿತು. ಮೆಟ್ಟಿಲು ಇಳಿದು, ಅಮ್ಮನ ತೋಳು ಹಿಡಿದು ಎಬ್ಬಿಸಿಕೊಂಡು ಗೇಟಿನ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ಯಾರೂ ಅಡ್ಡ ಬರಲಿಲ್ಲ. ಇಬ್ಬರು ಬಾಗಿ ದಾರಿ ಬಿಟ್ಟರು. ಅಧ್ಯಕ್ಷರು ಕೆಮ್ಮಿ, ಅನಿವಾರ್ಯ ಕಾರಣದಿಂದ ಅವರು ಹೊರಡುತ್ತಿದ್ದಾರೆ ಎಂದು ಹೇಳಿ ಚಪ್ಪಾಳೆ ಹೊಡೆಸಿದರು.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ತುಂಗೆ ಕಾಣುವ ತಿರುವಿನಲ್ಲಿ ನನ್ನ ಕಡೆ ತಿರುಗಿದಳು.

“ಅವತ್ತೂ ಹಿಂಗೇ ಎದ್ದು ಹೋಗಿದ್ರೆ ನಮ್ಗೆ ಎಂತ ಮಾಡ್ತಿದ್ರು ಹೇಳು?”

ಅವಳ ಅಮ್ಮ ಮುಂದಿನ ಸೀಟಿನಿಂದ ತಿರುಗಿ ನನ್ನ ಮುಖವನ್ನೇ ನೋಡಿದರು. ನನಗೆ ಉತ್ತರ ಗೊತ್ತಿತ್ತು. ಏನೂ ಮಾಡುತ್ತಿರಲಿಲ್ಲ.