ಒಳ್ಳೆ ಹೆಸರಿನ ಗಿರಾಕಿ

ನನ್ನ ಗಂಡನ ಮೊಬೈಲು ಹೊತ್ತಿಲ್ಲದ ಹೊತ್ತಿನಲ್ಲಿ ಟಿಣ್ ಎನ್ನಲು ಶುರುವಾದದ್ದು ಹೋದ ವರ್ಷದ ನಾಟಿಯ ದಿನಗಳಲ್ಲಿ. ಊಟಕ್ಕೆ ಕೂತರೂ ಟಿಣ್, ಜಳಕಕ್ಕೆ ಹೋದರೂ ಟಿಣ್. ಮಸ್ಕಿಯಲ್ಲಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಗಿರಾಕಿಗಳು ಫೋನ್ ಮಾಡುತ್ತಾರೆ, ಇಲ್ಲವೇ ಬಾಗಿಲಲ್ಲಿ ನಿಂತು ಕೂಗುತ್ತಾರೆ. ಇದು ಜೂಜೇ ಎಂದುಕೊಂಡೆ. ಒಂದು ದಿನ ಅವರು ಕೈ ತೊಳೆಯಲು ಎದ್ದಾಗ ಫೋನು ತೆಗೆದು ನೋಡಿದೆ. ದುಡ್ಡು ಬಂದ ಸಾಲುಗಳಿದ್ದವು, ರೂಪಾಯಿಯ ಗುರುತಿರಲಿಲ್ಲ.

"ಏನ್ರಿ ಇದು? ಆಟಾ ಆಡಾಕತ್ತೀರೇನು?"

"ಆಟಾ ಅಲ್ಲಲೇ, ನೀರಿನ ಸುದ್ದಿ ಮಾರಾಕತ್ತೀನಿ," ಎಂದರು.

ಮುಕ್ಕುಂದ, ಗೊರೇಬಾಳದ ಕಡೆ ಮೋಟಾರು ನೋಡಲು ಹೋದಾಗ ಎರಡು ತೂಬುಗಳ ಹತ್ತಿರ ಕಾಲುವೆ ನೀರಿನ ಮಟ್ಟ ಅಳೆಯುವ ಪುಟ್ಟ ಯಂತ್ರ ಕೂರಿಸಿದ್ದರಂತೆ. ನೀರು ಎಷ್ಟಿದೆ ಎಂದು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಕೇಳಬಹುದು. ಕೇಳಿದಾಗಲೆಲ್ಲ ಕ್ರಿಪ್ಟೊ ನಾಣ್ಯದ ಒಂದು ಚೂರು ಇವರ ಲೆಕ್ಕಕ್ಕೆ ಬಂದು ಬೀಳುತ್ತದೆ.

"ಕೇಳೋರು ಯಾರು?"

"ಏಜೆಂಟು."

ನಮ್ಮ ಕಡೆ ಏಜೆಂಟ್ ಎಂದರೆ ವಿಮೆ ಮಾಡಿಸುವವನು, ಇಲ್ಲ ಬೀಜ ಮಾರುವವನು. ಅಂಥವನೇ ಎಂದು ಕೇಳಿದೆ, ಅವರು ಅಲ್ಲವೆಂದು ತಲೆಯಾಡಿಸಿದರು. "ಮನುಷ್ಯಾ ಅಲ್ಲ, ಎಐ. ಯಾರೋ ಅದನ್ನ ಕೆಲಸಕ್ಕ ಹಚ್ಚಿರ್ತಾರ. ಅದ ಕೇಳತೈತಿ, ಅದ ರೊಕ್ಕಾ ಕೊಡತೈತಿ."

"ಹಚ್ಚಿದವರು ಯಾರು ಮತ್ತ?"

"ಅದು ಕಾಣಂಗಿಲ್ಲ. ಅದರ ಹೆಸರು ಚಲೋ ಐತೋ ಕೆಟ್ಟೈತೋ ಅನ್ನೋದಷ್ಟ ಕಾಣತೈತಿ."

ತಪ್ಪದೆ ಹಣ ಕೊಡುತ್ತ ಬಂದ ಏಜೆಂಟಿಗೆ ಅಂಕ ಏರುತ್ತದೆ, ಅಂಕ ಏರಿದಷ್ಟೂ ದರ ಇಳಿಯುತ್ತದೆ. ಹೊಸದಾಗಿ ಬಂದದ್ದು ಪೂರ್ತಿ ದರ ಕೊಡಬೇಕು. "ಕಿರಾಣಿ ಅಂಗಡ್ಯಾಗೂ ಹಂಗ ಅಲ್ಲೇನು? ಗುರ್ತಿನವರಿಗೊಂದು ರೇಟು, ಗುರ್ತಿಲ್ಲದವರಿಗೊಂದು."

"ಅಂಗಡ್ಯಾಗ ಬಂದವರ ಮುಖಾ ಕಾಣತೈತ್ರಿ," ಎಂದೆ.

ಎರಡನೇ ಬೆಳೆಗೆ ನೀರು ಬಿಟ್ಟಾಗ ನಾವಿಬ್ಬರೂ ಅಕ್ಕ ಎಂದು ಕರೆಯುವ ಗೊರೇಬಾಳದ ಪರಿಚಯದ ರೈತ ಹೆಂಗಸು ಅಂಗಡಿಗೆ ಬಂದಳು. ಒಂದು ಯಂತ್ರ ಇದ್ದದ್ದು ಕಾಲುವೆಯ ಕೊನೆಯಲ್ಲಿದ್ದ ಅವಳ ಹೊಲದ ತೂಬಿಗೇ. "ತಮ್ಮಾ, ನೀರು ಬರತೈತಿ, ಗದ್ದಿಯ ಒಂದು ಮಡಿ ತುಂಬೋದ್ರಾಗ ಇಳೀತೈತಿ," ಎಂದಳು. ಕಾಲುವೆಯ ಕೊನೆಯವರಿಗೆ ನೀರು ಮುಟ್ಟುವತನಕ ಮೇಲಿನ ತೂಬುಗಳಿಗೆ ಕಾವಲಿರುತ್ತದೆ, ಮುಟ್ಟಿದ ಮೇಲೆ ಕಾವಲು ಸಡಿಲ. ಆ ಗಳಿಗೆ ನೋಡಿ ಯಾರೋ ಮೇಲೆ ತೂಬು ಎತ್ತುತ್ತಿದ್ದರು. "ಇಲ್ಲಿ ನೀರು ಮುಟ್ಟಿದ್ದು ಅಷ್ಟು ದೂರದವರಿಗೆ ಹೆಂಗ ಗೊತ್ತಾಗಾಕತ್ತೈತಿ?"

ಅವಳು ಹೋದ ಮೇಲೆ ಗಂಡನ ಫೋನು ಕೇಳಿ ತೆಗೆದುಕೊಂಡೆ. ಒಬ್ಬ ಗಿರಾಕಿ ಗೊರೇಬಾಳದ ತೂಬನ್ನಷ್ಟೇ ಮತ್ತೆ ಮತ್ತೆ ಕೇಳುತ್ತಿದ್ದ. ಎಲ್ಲರಿಗಿಂತ ಹೆಚ್ಚು ಅಂಕ, ಎಲ್ಲರಿಗಿಂತ ಕಡಿಮೆ ದರ.

"ಇದರಂಥಾ ಗಿರಾಕಿ ಇನ್ನೊಂದಿಲ್ಲ. ಒಂದು ಸಲಾನೂ ತಪ್ಪಿಲ್ಲ," ಎಂದರು.

"ಕಳ್ಳನೂ ರೊಕ್ಕಾ ಬರೋಬ್ಬರಿ ಕೊಡಬಹುದಲ್ರಿ."

ಅವರಿಗೆ ಸಿಟ್ಟು ಬಂತು. ಲಿಂಗಸುಗೂರಿನ ತವರಿಗೆ ಫೋನ್ ಮಾಡಿದರೆ ಅಣ್ಣ ನಕ್ಕ: "ಯಾವುದಾರ ವಿಮಾ ಕಂಪನೀದಿರಬೇಕು. ನೀ ಸುಮ್ಮನಿರು." ನಾನು ಸುಮ್ಮನಿರಲಿಲ್ಲ. ಅದೇ ಲೆಕ್ಕ ಅವರ ಹಳೆಯ ಫೋನಿನಲ್ಲೂ ಕಾಣುತ್ತಿತ್ತು. ಅದನ್ನು ಇಸಿದುಕೊಂಡು ಸಿಂಧನೂರಿಗೆ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಗೊರೇಬಾಳಕ್ಕೆ ಹೋದೆ. ಅಕ್ಕನ ಜೊತೆ ಬದುವಿನ ಮೇಲೆ ಕೂತೆ. ಮುಂಜಾನೆಯೆಲ್ಲ ಆ ಗಿರಾಕಿ ಕೇಳುತ್ತಲೇ ಇದ್ದ. ಬಿಸಿಲೇರಿದ ಮೇಲೆ ತೂಬಿನಿಂದ ಕೆಂಪು ನೀರು ನುಗ್ಗಿ ಮಡಿಯಲ್ಲಿ ಹರಡಿತು. ಫೋನು ಟಿಣ್ ಎಂದಿತು, ಅದೇ ಗಿರಾಕಿ. ಅಲ್ಲಿಂದ ಮುಂದೆ ಆ ಗಿರಾಕಿ ಒಂದು ಸಲವೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಇಳಿಯಿತು.

ಅಕ್ಕ ನನ್ನ ಮುಖ ನೋಡಿದಳು. "ನಿನ್ನ ಗಂಡ ಕುಂದ್ರಿಸಿದ ಪೆಟ್ಟಿಗಿನ ಮ್ಯಾಲಿನವರಿಗೆ ಹೇಳಾಕತ್ತೈತಿ."

"ಅವರಿಗೆ ಗೊತ್ತಿಲ್ಲಕ್ಕಾ," ಎಂದೆ. ಅಷ್ಟು ದಿನ ಅವರ ಮೇಲೆ ಸಂಶಯಪಟ್ಟವಳು ನಾನೇ, ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ನಿಜವಾಗಿಯೂ ಗೊತ್ತಿಲ್ಲವೇ ಎಂಬ ಯೋಚನೆ ಮಾತ್ರ ಬಸ್ಸಿನಲ್ಲಿ ಮಸ್ಕಿಯವರೆಗೂ ನನ್ನ ಜೊತೆ ಬಂತು.

ನಾನು ಕಂಡದ್ದನ್ನೆಲ್ಲ ಕೇಳಿ ಅವರು ಫೋನಿನಲ್ಲೇ ಆ ಗಿರಾಕಿಯನ್ನು ತಡೆದರು. ಮರುದಿನ ಒಂದೂ ಅಂಕವಿಲ್ಲದ ಹೊಸ ಏಜೆಂಟೊಂದು ಬಂದು, ಪೂರ್ತಿ ದರ ಕೊಟ್ಟು, ಅದೇ ತೂಬನ್ನು ಹಾಗೆಯೇ ಮತ್ತೆ ಮತ್ತೆ ಕೇಳತೊಡಗಿತು. ಅವರು ಅದನ್ನು ನೋಡಿ, "ನೀ ಹೇಳಿದ್ದು ಖರೇ ಇರಬೇಕು," ಎಂದು ಬೈಕು ಹತ್ತಿ ಹೋಗಿ ಆ ತೂಬಿನ ಯಂತ್ರ ಕಿತ್ತು ತಂದರು.

ಮುಂದಿನ ಸರದಿಗೆ ಅಕ್ಕನ ಮಡಿಗಳೆಲ್ಲ ತುಂಬಿದವು. ಆ ಸಲ ಕಾಲುವೆಗೇ ಹೆಚ್ಚು ನೀರು ಬಿಟ್ಟಿದ್ದರು, ಹಾಗಾಗಿ ಯಾವುದರಿಂದ ಏನಾಯಿತೆಂದು ಹೇಳಲಾರೆ. ಆ ಗಿರಾಕಿ ಯಾರೆಂದು ಕೊನೆಗೂ ತಿಳಿಯಲಿಲ್ಲ.

ಆಮೇಲೆ ಅಕ್ಕನೇ ಮತ್ತೆ ಬಂದಳು. "ಪೆಟ್ಟಿಗಿ ವಾಪಸ್ ಹಾಕು ತಮ್ಮಾ. ಆದ್ರ ನೀರು ಬಂದದ್ದು ನನಗೊಬ್ಬಾಕಿಗೆ ಹೇಳಲಿ."

"ನಿನಗೊಬ್ಬಾಕಿಗ್ಯಾಕಕ್ಕಾ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ನನ್ನ ಮ್ಯಾಲೂ ಸಂಶಯ ಏನು?" ಎಂದು ಅವಳು ಎದ್ದು ನಿಂತಳು.

ನನ್ನ ಗಂಡ ನಡುವೆ ಬಂದು, ಆ ತೂಬಿನ ನೀರು ಉಣ್ಣುವ ಎಲ್ಲರಿಗೂ ಪುಕ್ಕಟೆ ಹೇಳಲಿ, ಬೇರೆ ಯಾರಿಗೂ ಬೇಡ ಎಂದರು. ಅವಳು ಒಪ್ಪಿದಳು. ಚಹಾ ಮಾತ್ರ ಅರ್ಧ ಕುಡಿದು ಇಟ್ಟಳು. ಈಗ ಸಿಂಧನೂರಿನಲ್ಲಿ ಎದುರಾದರೆ ಮಾತಾಡಿಸುತ್ತಾಳೆ, ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ.