ಗಾಳದ ರೀಲಿಗೆ ಟೇಲರ್ ಕೊಟ್ಟ ಅಳತೆ

ಬಾಗಲಕೋಟೆಯಲ್ಲಿ ನನ್ನದೊಂದು ಲೇಥ್ ಅಂಗಡಿ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಗಾಣದ ಬುಶ್ಶು, ದಿನದ ಕೆಲಸ ಇಷ್ಟೇ. ಒಮ್ಮೆ ಹುನಗುಂದದಿಂದ ಸಾಲಿ ಮಾಸ್ತರರೊಬ್ಬರು ಮೀನು ಹಿಡಿಯುವ ಗಾಳದ ರೀಲು ತಂದು, ಅದರ ಮುರಿದ ತೋಳಿನ ಬದಲು ಹೊಸತು ಮಾಡಿಕೊಡಿ ಎಂದರು. ತೋಳೆಂದರೆ ರೀಲಿನ ಪಕ್ಕದಿಂದ ಹೊರಡುವ ಬೆರಳುದ್ದದ ಪಟ್ಟಿ. ಅದರ ತುದಿಯ ಗುಂಡನ್ನು ಹಿಡಿದು ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತದೆ. ಮಾಡಿಕೊಟ್ಟೆ. ಹಿನ್ನೀರಿನ ದಂಡೆಯಲ್ಲಿ ಕೂರುವವರ ನಡುವೆ ಸುದ್ದಿ ಬೇಗ ಹರಡುತ್ತದೆ, ಮೀನು ಕಚ್ಚುವವರೆಗೆ ಅವರಿಗೆ ಬೇರೆ ಕೆಲಸವಿರುವುದಿಲ್ಲ. ಉದ್ದ ತೋಳು, ಗಿಡ್ಡ ತೋಳು, ದಪ್ಪ ಗುಂಡು ಎಂದು ಒಬ್ಬೊಬ್ಬರೇ ಬರತೊಡಗಿದರು.

ಹಾಗೆ ಬಂದವರಲ್ಲಿ ನಮ್ಮ ಟೇಲರ್ ಚಾಚಾ ಒಬ್ಬರು. ನನ್ನ ಮದುವೆಯ ಅಂಗಿ ಹೊಲಿದವರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನಲ್ಲಿ ಅವರ ಅಂಗಡಿಯಿತ್ತು, ಈಗ ವಿದ್ಯಾಗಿರಿಯಲ್ಲಿದೆ. ಪ್ರತಿ ಶುಕ್ರವಾರ ಅವರು ಗಾಳ ಹಾಕುತ್ತಿದ್ದುದು ಸರಿಯಾಗಿ ತಮ್ಮ ಹಳೆಯ ಓಣಿಯ ಮೇಲೆಯೇ. "ಮದಲ ಇಲ್ಲೆ ಗಿರಾಕಿ ಬರ್ತಿದ್ರು, ಈಗ ಮೀನ ಬರ್ತಾವು. ಮೀನ ಛಲೋ, ನಾಳೆ ಕೊಡ್ತೀರೇನು ಅಂತ ಕೇಳೂದಿಲ್ಲ" ಎನ್ನುತ್ತಿದ್ದರು. ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ನಡಿಗೆಯೂ ಬಹುಪಾಲು ಉಳಿಯಿತು. ಬಲಗೈ ಮಾತ್ರ ಅರ್ಧ ಬಂದು ನಿಂತಿತು.

ಗಾಳದ ರಾಡನ್ನು ಬಾಗಿಲಿಗೆ ಆನಿಸಿ, ರೀಲನ್ನು ನನ್ನ ಬೆಂಚಿನ ಮೇಲಿಟ್ಟು ಹೇಳಿದರು: "ಮಿಸ್ತ್ರಿ, ಈ ಕೈ ಬೀಗರ ಮನಿ ಮಂದಿಗತೆ ಆಗೇತಿ. ಕರದ್ರ ಬರ್ತೈತಿ, ಹೇಳಿದ ಕೆಲಸ ಮಾಡೂದಿಲ್ಲ."

"ಹ್ಯಾಂಡಲ್ ಎಡಕ್ಕ ಹಾಕಿ ಕೊಡ್ತೇನಿ ಚಾಚಾ, ಎಡಗೈಲೆ ತಿರುಗಸ್ರಿ."

"ಆಗ ರಾಡ್ ಹಿಡ್ಯಾವರು ಯಾರು, ನಿಮ್ಮಪ್ಪನೇನ್ಲೇ?"

ಅದು ನಿಜವೇ. ರಾಡಿನ ಭಾರ ಹೊರುವುದು ಬಲಗೈಗೆ ಇನ್ನೂ ಕಷ್ಟ. ತಿರುಗಿಸುವ ಕೆಲಸವನ್ನೇ ಅದಕ್ಕೆ ಕೊಡಬೇಕು.

"ಇದು ಕಡೀ ಸಲ ನೋಡು" ಎಂದರು. "ಆಗಲಿಲ್ಲಂದ್ರ ರಾಡ್ ಅಳಿಯಗ ಕೊಟ್ಟ ಬಿಡ್ತೇನಿ. ಅವ ಅದನ್ನ ಗ್ವಾಡಿಗೆ ನಿಂದರಸಿ ಅದರ ಮ್ಯಾಲ ಟಾವೆಲ್ ಒಣಾ ಹಾಕ್ತಾನ."

ನಗುತ್ತಲೇ ಹೇಳಿದರು. ಆದರೆ ಹೇಳುವಾಗ ರಾಡಿನ ಕಡೆ ನೋಡಲಿಲ್ಲ.

ಕೈ ಎಷ್ಟು ದೊಡ್ಡ ಸುತ್ತು ಹೊಡೆಯುತ್ತದೆಂದು ಅಳತೆ ತನ್ನಿ ಎಂದೆ. "ನನಗ ಅಳತಿ ಕಲಸ್ತೀ?" ಎಂದು ಗದರಿ ಹೋದರು. ಮರುದಿನ ಚೀಟಿ ಬಂತು: ನಡುವಿನಿಂದ ಗುಂಡಿನವರೆಗೆ ಮೂರು ಇಂಚು.

ಅಲ್ಯುಮಿನಿಯಂ ಪಟ್ಟಿ ಕತ್ತರಿಸಿದೆ. ರೀಲಿನ ಶಾಫ್ಟಿನ ತುದಿ ಚೌಕ, ಹಾಗಾಗಿ ಪಟ್ಟಿಗೆ ದುಂಡು ತೂತು ಕೊರೆದು, ಕಾನಸು ಎನ್ನುವ ಸಣ್ಣ ಅರದಿಂದ ಉಜ್ಜಿ ನಾಲ್ಕು ಮೂಲೆ ತೆಗೆದೆ. ಅವಸರ ಮಾಡಿದರೆ ತೂತು ಸಡಿಲಾಗುತ್ತದೆ, ಆಮೇಲೆ ಪ್ರತಿ ಸುತ್ತಿಗೂ ತೋಳು ಕುಣಿಯುತ್ತದೆ. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು. ಅವರ ಬೆರಳು ಪೂರ್ತಿ ಮಡಚುವುದಿಲ್ಲವೆಂದು ಜಾಲಿ ಕಟ್ಟಿಗೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗುಂಡು ಕಡೆದೆ. ಇಳಕಲ್ ಸೀರೆಗಳಿಗೆ ಫಾಲ್ ಹಚ್ಚುವ ಚಾಚಿ, ಅದು ಜಾರದಿರಲೆಂದು ಕೆಂಪು ದಾರ ಬಿಗಿಯಾಗಿ ಸುತ್ತಿಕೊಟ್ಟರು. ರೀಲನ್ನು ಬೆಂಚಿಗೆ ಬಿಗಿದು ಚಾಚಾನ ಕೈಯಿಂದ ತಿರುಗಿಸಿ ನೋಡಿದೆವು. ಬೆಣ್ಣೆಯಂತೆ ತಿರುಗಿತು.

ಬೆಂಚು ಸೊಂಟದ ಎತ್ತರಕ್ಕಿದೆ. ದಂಡೆಯಲ್ಲಿ ರಾಡನ್ನು ಎಡಕಂಕುಳಿಗೆ ಒತ್ತಿ ಹಿಡಿದಾಗ ರೀಲು ಎದೆಯ ಎತ್ತರಕ್ಕೆ ಬರುತ್ತದೆ. ಈ ಮಾತು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ನಡೆದದ್ದರಲ್ಲಿ ನಾನು ಕಂಡಷ್ಟನ್ನೇ ಬರೆಯುತ್ತೇನೆ. ಚಾಚಾ ನೀರಿಗೆ ಹತ್ತಿರ ನಿಂತಿದ್ದರು, ನಾನು ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಮೀನು ಕಚ್ಚಿತು, ರಾಡು ಬಾಗಿತು. ಚಾಚಾ ತಿರುಗಿಸಿದರು. ಗುಂಡು ಕೆಳಗಿನಿಂದ ಮೇಲೆ ಬಂತು, ಮೇಲೆ ಬಂದು ನಿಂತುಬಿಟ್ಟಿತು. ಸಾಲಿಯಲ್ಲಿ ಕೈ ಎತ್ತಿದವರ ಹಾಗೆ ಅವರ ಬಲಗೈ ಅಲ್ಲೇ ಉಳಿಯಿತು. ಮೀನು ಜಗ್ಗಿತು. ಅವರು ರಾಡು ಬಿಡಲಿಲ್ಲ. ಒಂದು ಹೆಜ್ಜೆ ಮುಂದೆ ಹೋದರು, ಎರಡನೆಯದು ಪಾಚಿಗಟ್ಟಿದ ಕಲ್ಲಿನ ಮೇಲೆ ಬಿತ್ತು. ನಾನು ಹಾರಿ ಹಿಡಿದದ್ದು ಅವರ ಕಾಲರನ್ನು. ಮೇಲಿನ ಗುಂಡಿ ಹಾರಿತು. ಮೊಣಕಾಲವರೆಗೆ ನೀರಿಗಿಳಿದು ನಿಂತರು. ದಾರ ಟಪ್ ಎಂದು ಹರಿಯಿತು.

"ಕಾಲರ್ ಬಿಡು ಮಿಸ್ತ್ರಿ" ಎಂದರು ಚಾಚಾ. "ನಾ ಹೊಲದ ಕಾಲರ್ ಐತಿ, ಹರಿಯೂದಿಲ್ಲ. ಆದ್ರ ಕುತಗಿ ನಾ ಹೊಲದಿದ್ದಲ್ಲ."

ಬಿಡಬೇಕೆಂದೇ ಇದ್ದೆ, ಬೆರಳು ಬಿಚ್ಚಲಿಲ್ಲ. ಅವರನ್ನು ಒಣನೆಲಕ್ಕೆ ಎಳೆದು ಕೂರಿಸಿದ ಮೇಲೆಯೇ ಬಿಚ್ಚಿತು. ಚಹಾ ಬಗ್ಗಿಸಿದರೆ ಅರ್ಧ ನೆಲಕ್ಕೆ ಚೆಲ್ಲಿತು.

"ಚಾಚಾ, ಖರೆ ಹೇಳ್ರಿ. ಅಳತಿ ಎಷ್ಟ ಬಂದಿತ್ತು?"

"ಎರಡೂವರಿ."

"ಚೀಟಿಯೊಳಗ ಮೂರು ಬರದೀರಲ್ಲ!"

"ಅರ್ಧಾ ಇಂಚ್ ಲೂಸ್ ಬಿಟ್ಟೇನಿ. ಮೈಗೆ ಅಂಟಿದ ಅಂಗಿ ಯಾರ ಹಾಕ್ಕೋತಾರೋ?"

ನನಗೆ ಬೈಯುವ ಬಾಯಿ ಇರಲಿಲ್ಲ. ಕಾನಸು ಹೊಡೆಯಲು ಬೇಕೆಂದು ನಾನೂ ನಾಲ್ಕು ಮಿಲಿಮೀಟರ್ ಹೆಚ್ಚಿಗೆ ಹಿಡಿದಿದ್ದೆ. ತೋಳು ಉದ್ದವಾದಷ್ಟು ತಿರುಗಿಸಲು ಹಗುರ ಎಂದುಕೊಂಡು ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದೆ. ಅದನ್ನು ಒಪ್ಪಿಕೊಂಡೆ.

"ಅಂದ್ರ ಇಬ್ಬರೂ ಕೂಡಿ ನನ್ನ ಮುಳುಗಸಾಕ ಹತ್ತಿದ್ವಿ" ಎಂದರು. ನಂತರ ರಾಡನ್ನು ನನ್ನ ತೊಡೆಯ ಮೇಲಿಟ್ಟರು. "ಅಳಿಯನ ಮನಿ ನಿನ್ನ ದಾರ್ಯಾಗ ಐತಿ. ಕೊಟ್ಟ ಹೋಗು."

ನಾನು ಕೊಡಲಿಲ್ಲ. ನನ್ನ ಅಂಗಡಿಯಲ್ಲೇ ಇಟ್ಟುಕೊಂಡೆ.

ನಾಲ್ಕು ದಿನ ಬಿಟ್ಟು, ದಂಡೆಯಲ್ಲಿ ಸಿಕ್ಕ ಆ ಅಂಗಿಯ ಗುಂಡಿಯನ್ನು ಕೊಡುವ ನೆವದಲ್ಲಿ ಅವರ ಅಂಗಡಿಗೆ ಹೋದೆ. ಲಕ್ವಾ ಹೊಡೆದ ಮೇಲೆ ಕಾಲಿನ ಮಷಿನ್ ಬಿಟ್ಟು ಚಾಚಿಯ ಹಳೆಯ ಕೈ ಮಷಿನ್ ಹಿಡಿದಿದ್ದರು. ಎಡಗೈ ಬಟ್ಟೆಯ ಮೇಲೆ, ಬಲಗೈ ಮಷಿನಿನ ಹಿಡಿಕೆಯ ಮೇಲೆ. ನನ್ನೊಡನೆ ಮಾತಾಡುತ್ತಲೇ ಒಂದು ಲಂಗದ ಅಂಚು ಹೊಲಿದರು. ಹಿಡಿಕೆ ಅವರ ಎದೆಯ ಎತ್ತರಕ್ಕಿತ್ತು. ಆ ಕೈ ಮೇಲೆ ಬಂತು, ದಾಟಿತು, ಇಳಿಯಿತು, ಮತ್ತೆ ಬಂತು. ಎಣಿಸಿದೆ. ಮೂವತ್ತೊಂದು ಸುತ್ತಿನಲ್ಲಿ ಒಂದರಲ್ಲೂ ನಿಲ್ಲಲಿಲ್ಲ.

ಕೊರಳಲ್ಲಿದ್ದ ಅವರ ಟೇಪನ್ನು ಕೇಳದೆಯೇ ಎಳೆದು, ಮಷಿನಿನ ಹಿಡಿಕೆಗೆ ಹಿಡಿದೆ. ನಡುವಿನಿಂದ ಎರಡೂವರೆ ಇಂಚು.

"ಮತ್ತೇನು, ನಾ ಅಳತಿ ತಗೊಂಡಿದ್ದ ಇದರಿಂದ" ಎಂದರು ಚಾಚಾ. ಅಷ್ಟು ಹೇಳಿ ತಮ್ಮ ಬಲಗೈಯನ್ನು ಬೇರೆಯವರ ಕೈ ನೋಡಿದಂತೆ ನೋಡಿದರು.

ಹೊಸ ತೋಳು ಬೇಕಾಗಲಿಲ್ಲ. ಅದೇ ಪಟ್ಟಿಯಲ್ಲಿ ಸರಿಯಾಗಿ ಎರಡೂವರೆ ಇಂಚಿಗೆ ತೂತು ಕೊರೆದು ಗುಂಡನ್ನು ಒಳಗೆ ಸರಿಸಿದೆ, ಹೊರಗುಳಿದ ತುದಿ ಕತ್ತರಿಸಿದೆ. ಲೂಸ್ ಇಲ್ಲ, ಕಾನಸಿನ ಪಾಲೂ ಇಲ್ಲ. ಈ ಸಲ ಬೆಂಚಿನ ಮೇಲೆ ನೋಡಲಿಲ್ಲ. ಚಾಚಾನ ಅಂಗಡಿಯಲ್ಲೇ ಅವರನ್ನು ನಿಲ್ಲಿಸಿ, ರಾಡನ್ನು ಕಂಕುಳಿಗೆ ಕೊಟ್ಟು, ದಾರದ ತುದಿಯನ್ನು ತಣ್ಣಗಿನ ಇಸ್ತ್ರಿ ಪೆಟ್ಟಿಗೆಗೆ ಕಟ್ಟಿ ಬಾಗಿಲಲ್ಲಿಟ್ಟೆ. ಚಾಚಾ ತಿರುಗಿಸಿದರು. ಇಸ್ತ್ರಿ ಪೆಟ್ಟಿಗೆ ಫರಶಿಯ ಮೇಲೆ ಗರಗರ ಎಂದು ಒಳಗೆ ಬಂತು.

ಚಾಚಿ ಫಾಲ್ ಹಚ್ಚುವುದನ್ನು ನಿಲ್ಲಿಸಿ ಕೇಳಿದರು: "ಹಿಡದ್ರಲ್ಲ, ಸಾರ ಮಾಡ್ಲ್ಯೋ, ಹುರೀಲ್ಯೋ?"

ಮುಂದಿನ ಶುಕ್ರವಾರ ಚಾಚಾನನ್ನು ನೀರಿನಿಂದ ಆರು ಹೆಜ್ಜೆ ಹಿಂದೆ, ಒಣಕಲ್ಲಿನ ಮೇಲೆ ಕೂರಿಸಿದೆ. ನಾನು ಬೆನ್ನ ಹಿಂದೆಯೇ ನಿಂತೆ, ಬುತ್ತಿ ಬಿಚ್ಚಲಿಲ್ಲ. ಬಹಳ ಹೊತ್ತಿನ ಮೇಲೆ ರಾಡು ಬಾಗಿತು. ಕೆಂಪು ಗುಂಡು ಮೇಲೆ ಬಂತು. ಮೇಲೆ ಬಂದಲ್ಲಿ ಒಂದು ಉಸಿರಿನಷ್ಟು ತಡೆಯಿತು, ನಾನು ಕಂಡಿದ್ದೇನೆ, ಆಮೇಲೆ ದಾಟಿತು. ಮತ್ತೆ ಬಂದಾಗ ತಡೆಯಲಿಲ್ಲ. ಮೊಳಕ್ಕೆ ನಾಲ್ಕು ಬೆರಳು ಕಡಿಮೆಯಿದ್ದ ರೋಹು ಒದ್ದಾಡುತ್ತ ದಂಡೆಗೆ ಬಂತು.

ಚಾಚಾ ಮೀನನ್ನು ನೋಡಿದರು, ಬಲಗೈಯನ್ನು ನೋಡಿದರು, ತಿರುಗದೆಯೇ ಹೇಳಿದರು: "ಈಗರೆ ಕಾಲರ್ ಬಿಡಲೇ."

ಅದನ್ನು ಯಾವಾಗ ಹಿಡಿದಿದ್ದೆನೋ ನನಗೇ ಗೊತ್ತಿರಲಿಲ್ಲ.